ಹಿತ್ತಿಲಲ್ಲಿ ಎದ್ದ ಬೆರಳುಗಳು

ಆ ಭಾನುವಾರ ಬೆಳಗ್ಗೆ ಮೃತ್ಯುಂಜಯನವರು ಹಲ್ಲುಜ್ಜುತ್ತ ಹಿತ್ತಿಲ ಕಡೆ ಹೋಗದೆ ಮುಂಬಾಗಿಲ ಕಡೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಮುಂಬಾಗಿಲಲ್ಲಿ ಹೆಂಡತಿ ಶಾಂತಾದೇವಿ ರಂಗೋಲಿ ಬಿಡಿಸುತ್ತಿದ್ದರು. ಬಾಯಿ ತುಂಬ ನೊರೆ ಇಟ್ಟುಕೊಂಡು ಆ ಕಡೆ ಸುಳಿಯುವ ಧೈರ್ಯ ಅವರಿಗೆ ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹಾಗಾಗಿ ಹಿತ್ತಿಲಿಗೆ ಹೋದರು.

ವಾರದಿಂದ ಹಿಡಿದಿದ್ದ ಸೋನೆ ಮಳೆ ಆಗಷ್ಟೇ ಬಿಟ್ಟಿತ್ತು. ಎರಡು ವರ್ಷದ ಹಿಂದೆ ಕಡಿಸಿದ ಮಾವಿನ ಮರದ ಬೊಡ್ಡೆ ನೆನೆದು ಕಪ್ಪಾಗಿ ಕೂತಿತ್ತು. ಅದರ ಬುಡದಲ್ಲಿ, ಒದ್ದೆ ಮಣ್ಣನ್ನು ಸೀಳಿಕೊಂಡು, ಐದು ಕಪ್ಪು ಬೆರಳುಗಳು ಮೇಲೆದ್ದಿದ್ದವು.

ಬೆರಳುಗಳೇ. ಅದರಲ್ಲಿ ಅನುಮಾನವಿರಲಿಲ್ಲ. ನಾಲ್ಕು ನೆಟ್ಟಗೆ ನಿಂತಿದ್ದವು, ಐದನೆಯದು ತುಸು ಬಾಗಿ, ಯಾರನ್ನೋ 'ಬಾರೋ ಇಲ್ಲಿ' ಎಂದು ಕರೆಯುವ ಹಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಬ್ರಷ್ ಅಲ್ಲೇ ಎಸೆದು ಬೀದಿಗೆ ಓಡುತ್ತಿದ್ದರು. ಮೃತ್ಯುಂಜಯನವರು ಮಾತ್ರ ಸಂತೋಷಕ್ಕೆ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟರು.

ಯಾಕೆಂದರೆ ಅದೇನೆಂದು ಅವರಿಗೆ ಗೊತ್ತಿತ್ತು. ಖಾಸಗಿ ಕಾಲೇಜೊಂದರ ಗ್ರಂಥಾಲಯದಲ್ಲಿ ಅವರಿಗೆ ಕೆಲಸ. ಅಲ್ಲಿಗೆ ಹುಡುಗರು ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಲೋಕದ ವಿಚಿತ್ರಗಳನ್ನೆಲ್ಲ ಹೆಕ್ಕುವುದು ಅವರಿಗೆ ಚಟವಾಗಿತ್ತು. ಮುಪ್ಪು ಬಂದರೆ ಮತ್ತೆ ಮಗುವಾಗುವ ಲೋಳೆಮೀನು, ತಲೆಗೆ ಅಣಬೆ ಹತ್ತಿ ಹುಚ್ಚು ಹಿಡಿದು ಗಿಡ ಏರಿ ಸಾಯುವ ಇರುವೆ, ಸಾವಿರದ ಏಳುನೂರು ವರ್ಷವಾದರೂ ಒಳಗಿನ ರಸ ಆರದ ಕೋಳಿಮೊಟ್ಟೆ, ಹೀಗೆ ದಿನಕ್ಕೊಂದು ಹುಡುಕಿ ಬೆಳಗ್ಗೆ ಏಳಕ್ಕೆ ಸರಿಯಾಗಿ ತಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಗುಂಪಿನಲ್ಲಿ ನೂರಾ ಹನ್ನೆರಡು ಜನ. ಮೊಟ್ಟೆಯ ವಿಷಯ ಹಾಕಿದ ದಿನ ಬಂದದ್ದು ಒಂದೇ ಉತ್ತರ, ಅದೂ ಪಕ್ಕದ ಮನೆಯ ಕೃಷ್ಣಪ್ಪನವರದು: "ಇವತ್ತು ನೀರು ಎಷ್ಟೊತ್ತಿಗೆ ಬಿಡ್ತಾರೆ?"

ಶಾಂತಾದೇವಿಯ ಅಭಿಪ್ರಾಯವೂ ಬೇರೆಯಾಗಿರಲಿಲ್ಲ. "ಎಲ್ಲೋ ಕಾಡಲ್ಲಿ ಇರುವೆ ತಲೆ ಕೆಟ್ಟಿದ್ದು ಇವರಿಗೆ ಗೊತ್ತಾಗುತ್ತೆ. ಮನೇಲಿ ಗ್ಯಾಸ್ ಮುಗಿದಿದ್ದು ಗೊತ್ತಾಗಲ್ಲ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಇಂಥ ಮನುಷ್ಯನ ಹಿತ್ತಿಲಿಗೇ ಒಂದು ವಿಚಿತ್ರ ಹುಡುಕಿಕೊಂಡು ಬಂದಿತ್ತು! ಸತ್ತ ಮರದ ಬೇರಿನ ಮೇಲೆ ಬೆಳೆಯುವ ಒಂದು ಜಾತಿಯ ಅಣಬೆ ಅದು. ವಿದೇಶದವರು ಅದಕ್ಕೆ 'ಸತ್ತವನ ಬೆರಳು' ಎಂದೇ ಹೆಸರಿಟ್ಟಿದ್ದಾರೆ. ಅದರ ಫೋಟೋವನ್ನು ಮೃತ್ಯುಂಜಯನವರು ಇಪ್ಪತ್ತು ಸಲವಾದರೂ ನೋಡಿ ನಿಟ್ಟುಸಿರು ಬಿಟ್ಟಿದ್ದರು.

ಮೊಬೈಲ್ ತಂದು ಮೊಣಕಾಲೂರಿ ನಾಲ್ಕು ಫೋಟೋ ತೆಗೆದರು. ವಿವರವನ್ನೆಲ್ಲ ಒಂದೇ ಸಲ ಹೇಳಿಬಿಟ್ಟರೆ ಯಾರೂ ಓದುವುದಿಲ್ಲ ಎಂಬುದು ಅವರ ಅನುಭವ. ಸ್ವಲ್ಪ ಕುತೂಹಲ ಉಳಿಸಬೇಕು. ಯೋಚಿಸಿ ಯೋಚಿಸಿ ಹೀಗೆ ಬರೆದರು: "ನಮ್ಮ ಹಿತ್ತಿಲಲ್ಲಿ ಸತ್ತವನ ಬೆರಳುಗಳು! ಮಣ್ಣಿನಿಂದ ಮೇಲೆದ್ದಿವೆ! ನಿಜ ಸಂಗತಿ ತಿಳಿಯಲು ಹತ್ತು ಗಂಟೆಯವರೆಗೆ ಕಾಯಿರಿ."

ಕಳಿಸಿ, ಸ್ನಾನ ಮಾಡಿ, ವಿಭೂತಿ ಇಟ್ಟು ಪೂಜೆಗೆ ಕೂತರು. ಮೊಬೈಲು ಪಕ್ಕದ ಕೋಣೆಯಲ್ಲಿ ಟುಂಯ್ ಎಂದಿತು. ಮತ್ತೆ ಟುಂಯ್. ಆಮೇಲೆ ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಬಿಡುವಿಲ್ಲದೆ ಸಿಡಿಯತೊಡಗಿತು. ಮೃತ್ಯುಂಜಯನವರು ಕಣ್ಣು ಮುಚ್ಚಿಕೊಂಡೇ ಎಣಿಸಿದರು. ಮೂವತ್ತು ದಾಟಿದಾಗ ಮಂತ್ರ ಮರೆತುಹೋಯಿತು. ಜನ್ಮದಲ್ಲಿ ಮೊದಲ ಸಲ ಜನ ಅವರು ಬರೆದದ್ದನ್ನು ಓದುತ್ತಿದ್ದರು.

ಅಷ್ಟರಲ್ಲಿ ಹಿತ್ತಿಲಿಂದ ಕಿವಿ ಹರಿಯುವಂಥ ಕೂಗು ಕೇಳಿಸಿತು.

ಸೊಪ್ಪು ಮಾರುವ ಬೆಟ್ಟಮ್ಮ. ದಿನಾ ಪಕ್ಕದ ಓಣಿಯಿಂದ ಹಿತ್ತಿಲ ಬಾಗಿಲಿಗೆ ಬಂದು ಶಾಂತಾದೇವಿಗೆ ಸೊಪ್ಪು ಕೊಟ್ಟು ಹೋಗುವವಳು. ಇವತ್ತು ಅವಳ ಕುಕ್ಕೆ ಒಂದು ಕಡೆ, ದಂಟಿನ ಕಟ್ಟುಗಳು ಒಂದು ಕಡೆ, ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು.

"ಅಯ್ಯಯ್ಯಪ್ಪೋ! ಎಣ ಎದ್ ಬತ್ತಾ ಅದೆ ಕಣಮ್ಮೋ! ನನ್ನೇ ಕರೀತಾ ಅದೆ!"

"ಬೆಟ್ಟಮ್ಮ, ಅದು ಹೆಣ ಅಲ್ಲ, ಅಣಬೆ," ಎಂದರು ಮಡಿಪಂಚೆಯಲ್ಲೇ ಓಡಿ ಬಂದ ಮೃತ್ಯುಂಜಯ.

"ಅಣಬೆ ನಾನ್ ಕಾಣ್ದೋಳಾ ಬುದ್ಧಿ? ಅಣಬೆಗೆ ಕೊಡೆ ಇರ್ತದೆ. ಇದುಕ್ಕೆ ಉಗುರದೆ, ಉಗುರು!"

ಕಾಂಪೌಂಡ್ ಗೋಡೆಯ ಮೇಲೆ ಒಂದು ಮಫ್ಲರ್ ಸುತ್ತಿದ ತಲೆ ಮೂಡಿತು. ಅದು ಕೃಷ್ಣಪ್ಪನವರದು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಕಾಫಿ ಕೇಳುವಾಗಲೂ ಪ್ರಯಾಣಿಕರ ಗಮನಕ್ಕೆ ತರುವ ದನಿಯೇ. "ಸ್ವಾಮಿ, ಗುಂಪಲ್ಲಿ ನೋಡ್ದೆ. ಹತ್ತು ಗಂಟೆವರೆಗೆ ಕಾಯೋಕಾಗಲ್ಲ ಅಂತ ನಾನೇ ಬಂದೆ. ಯಾರದು ಬೆರಳು?"

"ಯಾರದೂ ಅಲ್ಲ ಕೃಷ್ಣಪ್ಪನೋರೇ. ಒಂದು ಜಾತಿ ಶಿಲೀಂಧ್ರ. ಕೊಳೆತ ಮರದ ಮೇಲೆ ಬೆಳೆಯುತ್ತೆ. ಅದರ ಹೆಸರೇ ಸತ್ತವನ ಬೆರಳು."

"ಸಾಯದ ಮೀನು ಅಂದ್ರಿ, ಸುಮ್ನಿದ್ದೆ. ಹುಚ್ಚಿರುವೆ ಅಂದ್ರಿ, ಅದಕ್ಕೂ ಸುಮ್ನಿದ್ದೆ. ಇದನ್ನೂ ನಂಬು ಅಂತೀರಾ?" ಕೃಷ್ಣಪ್ಪನವರು ತಲೆ ಎತ್ತಿ ಮಹಡಿಯ ಕಡೆ ನೋಡಿದರು. "ಅದಿರ್ಲಿ, ನಿಮ್ಮ ಮೇಲ್ಮನೆ ಯೋಗೇಂದ್ರ ಎಲ್ಲಿ?"

ಮೃತ್ಯುಂಜಯನವರೂ ತಲೆ ಎತ್ತಿ ನೋಡಿದರು. ಮಹಡಿಯ ಬಾಡಿಗೆದಾರ ಯೋಗೇಂದ್ರ ಔಷಧಿ ಕಂಪನಿಯೊಂದರ ಪ್ರತಿನಿಧಿ, ಒಂಟಿ ಆಸಾಮಿ. ನಿಜಕ್ಕೂ ಅವನನ್ನು ನೋಡಿ ದಿನಗಳಾಗಿದ್ದವು.

"ಒಂಬತ್ತು ದಿನದಿಂದ ಬೈಕು ನಿಂತಲ್ಲೇ ನಿಂತಿದೆ," ಎಂದರು ಕೃಷ್ಣಪ್ಪ. ಅವರ ದನಿ ಇಡೀ ಅಡ್ಡರಸ್ತೆಗೆ ಕೇಳಿಸಿತು. "ಹತ್ತು ದಿನದ ಹಿಂದೆ ಮೋಟಾರ್ ಆಫ್ ಮಾಡದೆ ಟ್ಯಾಂಕ್ ಹರಿಸಿದ್ದಕ್ಕೆ ನೀವು ಕೂಗಾಡಿದ್ರಲ್ಲ ಸ್ವಾಮಿ. 'ಇನ್ನೊಂದ್ಸಲ ಹೀಗ್ಮಾಡಿದ್ರೆ ಹಿತ್ತಿಲಲ್ಲೇ ಹೂತ್ಹಾಕ್ಬಿಡ್ತೀನಿ' ಅಂತ. ನಾನು ಇದೇ ಕಿವೀಲಿ ಕೇಳಿದ್ದು."

"ಅದು ಬಾಯಿಮಾತು ಕಣ್ರೀ!"

"ಅಮ್ಮಣ್ಣಿ," ಎಂದಳು ಬೆಟ್ಟಮ್ಮ ಕಲ್ಲಿನ ಮೇಲಿಂದಲೇ, ಆಗತಾನೆ ಹೊರಗೆ ಬಂದ ಶಾಂತಾದೇವಿಯನ್ನು ನೋಡಿ, "ನೀವು ತವರಿಗೆ ಓಗ್ಬುಡಿ. ಇಲ್ಲಿ ಇರ್ಬೇಡಿ."

ಶಾಂತಾದೇವಿ ಬೆರಳುಗಳನ್ನು ನೋಡಿದರು, ಗಂಡನನ್ನು ನೋಡಿದರು. "ಒಂದು ಜಿರಲೆ ಹೊಡಿಯೋಕೆ ನನ್ನನ್ನ ಕೂಗ್ತಾರೆ ಇವರು," ಎಂದು ಒಳಗೆ ಹೋಗಿ ದೋಸೆ ಹೆಂಚು ಒಲೆಗಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಹೆಂಡತಿಯ ಬಾಯಿಂದ ಬಂದ ಅತ್ಯಂತ ಬಲವಾದ ಬೆಂಬಲ ಅದು. ಆದರೆ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಎಂಟೂವರೆಯ ಹೊತ್ತಿಗೆ ಹಿತ್ತಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ರಸ್ತೆಯವರು, ವಾಕಿಂಗ್ ಮುಗಿಸಿದವರು, ದಟ್ಟಗಳ್ಳಿ ಕಡೆಯಿಂದ ಸ್ಕೂಟರಿನಲ್ಲಿ ಬಂದವರು, ಎಲ್ಲರೂ ಒದ್ದೆ ಮಣ್ಣಿನಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತ ಬೆರಳಿನ ದರ್ಶನ ಪಡೆದರು. ಇದು ಎಡಗೈಯೋ ಬಲಗೈಯೋ ಎಂದು ಒಂದು ಚರ್ಚೆ ಶುರುವಾಗಿ ಎರಡು ಪಕ್ಷಗಳಾದವು. ಯಾರೋ ಪೊಲೀಸರಿಗೂ ಫೋನ್ ಮಾಡಿದ್ದರು. ಜೀಪಿನಿಂದ ಎ.ಎಸ್.ಐ. ಮಹದೇವಸ್ವಾಮಿ ಇಳಿದರು. ನಿಧಾನದ ಮನುಷ್ಯ, ಬೇಸರವೇ ಮುಖವಾದಂತಿದ್ದವರು.

"ನಮಸ್ಕಾರ ಸಾರ್. ಈ ಮೆಸೇಜು ನೀವೇ ಹಾಕಿದ್ದಾ?"

"ಹೌದು, ಆದ್ರೆ..."

"ನಮ್ಮ ಹಿತ್ತಿಲಲ್ಲಿ ಸತ್ತವನ ಬೆರಳುಗಳು," ಎಂದು ಮಹದೇವಸ್ವಾಮಿ ಪಾಠ ಒಪ್ಪಿಸುವಂತೆ ಓದಿದರು. "ನನ್ನ ಸರ್ವಿಸಲ್ಲಿ ಯಾರೂ ಹೀಗೆ ಫೋಟೋ ಸಮೇತ ಬರೆದುಕೊಟ್ಟಿಲ್ಲ ಸಾರ್. ಹತ್ತು ಗಂಟೆವರೆಗೆ ಕಾಯಿರಿ ಅಂತ ಬೇರೆ ಹಾಕಿದ್ದೀರಿ. ಹತ್ತಕ್ಕೆ ಯಾವ ರೈಲಿತ್ತು?"

ಮೃತ್ಯುಂಜಯನವರಿಗೆ ತಡೆಯಲಾಗಲಿಲ್ಲ. ಬಗ್ಗಿ ಒಂದು ಬೆರಳನ್ನು ಲಟಕ್ಕನೆ ಮುರಿದರು. ಜನ ಹೋ ಎಂದು ಹಿಂದೆ ಸರಿದರು. "ನೋಡಿ! ಒಳಗೆ ಬೆಳ್ಳಗೆ, ಗೆಣಸಿನ ಹಾಗೆ! ರಕ್ತ ಇದೆಯಾ? ಮೂಳೆ ಇದೆಯಾ?"

"ಸಾಕ್ಷಿ ನಾಶ ಮಾಡ್ಬೇಡಿ ಸಾರ್," ಎಂದರು ಮಹದೇವಸ್ವಾಮಿ. "ಅಗಿಸೋಣ ಅಂದ್ರೆ ತಹಶೀಲ್ದಾರರು ಬರ್ಬೇಕು. ಇವತ್ತು ಭಾನುವಾರ. ಅಲ್ಲೀತನಕ ನೀವು ಸ್ಟೇಷನ್ನಲ್ಲಿ ಕೂತಿರಿ. ಫ್ಯಾನಿದೆ."

"ಯಾರೂ ಬರೋದು ಬೇಡ! ನನ್ನ ಹಿತ್ತಿಲು, ನಾನೇ ಅಗೀತೀನಿ!"

ಪಿಕಾಸಿಯನ್ನು ಕೃಷ್ಣಪ್ಪನವರು ಆಗಲೇ ಗೋಡೆಯ ಮೇಲಿಂದ ದಾಟಿಸಿಬಿಟ್ಟಿದ್ದರು. ಮೃತ್ಯುಂಜಯನವರು ಪಂಚೆ ಮೇಲೆತ್ತಿ ಕಟ್ಟಿ, ಹೆಗಲಿಗೆ ವಿಭೂತಿ ಬಳಿದುಕೊಂಡಿದ್ದ ಆ ಸಣಕಲು ದೇಹದಲ್ಲಿ ಎಲ್ಲಿತ್ತೋ ಅಷ್ಟು ಬಲ ತಂದುಕೊಂಡು ಅಗೆಯತೊಡಗಿದರು. ಪುಸ್ತಕದ ಧೂಳು ಒರೆಸುವುದಕ್ಕಿಂತ ದೊಡ್ಡ ಕೆಲಸವನ್ನು ಆ ಕೈಗಳು ಮಾಡಿರಲಿಲ್ಲ. ನಾಲ್ಕು ಏಟಿಗೆ ಬೊಬ್ಬೆ ಬಂದವು. ಹತ್ತು ಏಟಿಗೆ ಕೆಸರು ಹುಬ್ಬಿನವರೆಗೆ ಹಾರಿತು. ಪ್ರತಿ ಏಟಿಗೂ ಬೆಟ್ಟಮ್ಮ "ಶಿವಶಿವಾ" ಎನ್ನುತ್ತಿದ್ದಳು, ಪ್ರತಿ ಬಾಂಡಲಿ ಮಣ್ಣಿಗೂ ಜನ ಒಂದೊಂದು ಹೆಜ್ಜೆ ಮುಂದೆ ಬರುತ್ತಿದ್ದರು. ಎರಡಡಿ ಗುಂಡಿಯಾಯಿತು. ಬೇರುಗಳು, ಎರೆಹುಳು, ಒಂದು ಹಳೆಯ ಹಾಲಿನ ಪ್ಯಾಕೆಟ್ಟು. ಯೋಗೇಂದ್ರ ಮಾತ್ರ ಸಿಗಲಿಲ್ಲ.

ಸಿಕ್ಕಿದ್ದು ಆಮೇಲೆ. ಗುಂಪಿನ ಹಿಂದುಗಡೆಯಿಂದ ಬೋಳುತಲೆಯ ಆಸಾಮಿಯೊಬ್ಬ ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಪ್ರಸಾದದ ಪೊಟ್ಟಣ ಹಿಡಿದು ದಾರಿ ಮಾಡಿಕೊಂಡು ಬಂದ. ಗುಂಡಿ ನೋಡಿದ, ಪೊಲೀಸರನ್ನು ನೋಡಿದ, ಮೆಲ್ಲಗೆ ಗೋಡೆಯ ಮೇಲಿಂದ ಬಗ್ಗಿದ್ದ ಕೃಷ್ಣಪ್ಪನವರ ಕಿವಿಯ ಬಳಿ ಕೇಳಿದ:

"ಯಾರ್ ಸಾರ್ ಹೋಗಿದ್ದು?"

"ಮೇಲ್ಮನೆ ಯೋಗೇಂದ್ರ ಅಂತ. ಪಾಪ, ಒಳ್ಳೇ ಹುಡುಗ," ಎಂದರು ಕೃಷ್ಣಪ್ಪ, ಗುಂಡಿಯಿಂದ ಕಣ್ಣು ಕೀಳದೆ.

ಬೋಳುತಲೆಯವನ ಕೈಯಿಂದ ಪೊಟ್ಟಣ ಜಾರಿತು. "ಸಾರ್, ನಾನೇ ಯೋಗೇಂದ್ರ!"

ಬೆಟ್ಟಮ್ಮ ಮತ್ತೊಮ್ಮೆ ಕಲ್ಲು ಹತ್ತಿದಳು. ತಿರುಪತಿಗೆ ಗೆಳೆಯರೊಡನೆ ಹೋಗಿ ಮುಡಿ ಕೊಟ್ಟು, ಅಲ್ಲಿಂದ ಅಕ್ಕನ ಮನೆಗೆ ಹೋಗಿ, ಮೊಬೈಲು ಕಳೆದುಕೊಂಡು ಬಂದಿದ್ದೇನೆ ಎಂದು ಅವನು ಮಹದೇವಸ್ವಾಮಿಯವರಿಗೆ ಆಧಾರ್ ಕಾರ್ಡ್ ತೋರಿಸಿ ತಾನು ಬದುಕಿರುವುದನ್ನು ಸಾಬೀತುಪಡಿಸಬೇಕಾಯಿತು. ಕಾರ್ಡಿನಲ್ಲಿದ್ದ ಕೂದಲು ಒಂದು ಸಣ್ಣ ತೊಡಕಾಯಿತು, ಆದರೂ ಮುಗಿಯಿತು.

ಮೃತ್ಯುಂಜಯನವರು ಪಿಕಾಸಿಗೆ ಒರಗಿ ನಿಂತು ಏದುಸಿರು ಬಿಟ್ಟರು. ಗೆದ್ದೆ ಎನಿಸಿತು. ಈಗ ಎಲ್ಲರೂ ಬಂದು ಕ್ಷಮೆ ಕೇಳುತ್ತಾರೆ, ಆ ಶಿಲೀಂಧ್ರದ ವಿಚಾರ ಹೇಳಿ ಎಂದು ಪೀಡಿಸುತ್ತಾರೆ. ಅವರು ಗಂಟಲು ಸರಿಮಾಡಿಕೊಂಡರು. "ನೋಡಿ, ಈ ಅಣಬೆಯ ವೈಶಿಷ್ಟ್ಯ ಏನಪ್ಪಾ ಅಂದ್ರೆ..."

ಜನ ಚದುರತೊಡಗಿದ್ದರು. ಹೆಣ ಸಿಗದ ಬೇಸರ ಎಲ್ಲರ ಮುಖದಲ್ಲೂ, ಟಿಕೆಟ್ ಕೊಂಡ ಮೇಲೆ ಆಟ ರದ್ದಾದಂತೆ. "ಸುಮ್ನೆ ಬೆಳಗ್ಗೆ ಬೆಳಗ್ಗೆ," ಎಂದು ಒಬ್ಬರು ಗೊಣಗಿದರು. ತಿಂಡಿಗೆ ಹೊತ್ತಾಯಿತೆಂದರು ಇನ್ನೊಬ್ಬರು. ಬೆಟ್ಟಮ್ಮ ದಂಟು ಆರಿಸಿಕೊಳ್ಳುತ್ತಿದ್ದಳು. ಸುಮ್ಮನೆ ಗುಂಡಿ ಮುಚ್ಚಿ ಕೈ ತೊಳೆದುಕೊಂಡಿದ್ದರೆ ಮೃತ್ಯುಂಜಯನವರ ದಿನ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆನ್ನು ತಿರುಗಿಸಿ ಹೋಗುತ್ತಿರುವ ಅಷ್ಟು ಜನರನ್ನು ನೋಡಿ ಸುಮ್ಮನಿರುವುದು ಅವರಿಂದಾಗಲಿಲ್ಲ. ಆ ಸಂಕಟದಲ್ಲೇ ಪಿಕಾಸಿ ಎತ್ತಿ ಇನ್ನೊಂದು ಏಟು ಹಾಕಿದರು.

ಠಣ್!

ಕಲ್ಲು. ಬೇರುಗಳ ನಡುವೆ ನೆಟ್ಟಗೆ ನಿಂತ, ಕಡೆದ ಕಲ್ಲು. ಕೈಯಿಂದ ಮಣ್ಣು ಸವರಿದರು. ಅಕ್ಷರ! ಉಳಿಯಿಂದ ಕೊರೆದ ಕನ್ನಡ ಅಕ್ಷರ! 'ಗೃ. ನಿ. ಸಂ.' ಎಂದಿತ್ತು, ಅದರ ಕೆಳಗೆ '೨೧೪'.

"ನಿಲ್ಲಿ!" ಎಂದು ಮೃತ್ಯುಂಜಯನವರು ಕೂಗಿದ ಕೂಗಿಗೆ ಒಳಗೆ ಶಾಂತಾದೇವಿಯ ದೋಸೆ ಹರಿಯಿತು. "ಯಾರೂ ಹೋಗ್ಬೇಡಿ! ಶಾಸನ! ಶಾಸನ ಸಿಕ್ಕಿದೆ!"

ಜನ ತಿರುಗಿ ಬಂದರು. ಮೃತ್ಯುಂಜಯನವರ ತಲೆಯಲ್ಲಿ ಹತ್ತು ವರ್ಷ ಓದಿದ್ದೆಲ್ಲ ಒಟ್ಟಿಗೆ ಎದ್ದು ಕುಣಿಯಿತು. "ಗೃ ಅಂದರೆ ಗೃಹಪತಿ. ನಿ ಅಂದರೆ ನಿಸಿದಿ, ಸತ್ತವರ ನೆನಪಿಗೆ ನಿಲ್ಲಿಸೋ ಕಲ್ಲು. ಸಂ ಅಂದರೆ ಸಂವತ್ಸರ, ಇನ್ನೂರ ಹದಿನಾಲ್ಕು! ಶಕವರ್ಷ ಇನ್ನೂರ ಹದಿನಾಲ್ಕು ಅಂದ್ರೆ ಸಾವಿರದ ಏಳುನೂರು ವರ್ಷ ಆಯ್ತು. ಹಲ್ಮಿಡಿ ಶಾಸನಕ್ಕಿಂತ ಹಳೇದು ಕಣ್ರೀ!"

"ಅಂಗಾದ್ರೆ ಎಣ ಇತ್ತು ಅಂತಾಯ್ತಲ್ಲ," ಎಂದಳು ಬೆಟ್ಟಮ್ಮ ತೃಪ್ತಿಯಿಂದ.

"ಅಕ್ಷರ ನಮ್ಮ ಬಸ್ ಬೋರ್ಡಿನಷ್ಟು ಚೆನ್ನಾಗಿ ಓದೋಕ್ಕಾಗ್ತಿದೆಯಲ್ಲ ಸ್ವಾಮಿ," ಎಂದರು ಕೃಷ್ಣಪ್ಪ.

"ಅದೇ ಅಚ್ಚರಿ! ಬೇರು ಹಿಡಿದು ಕಾಪಾಡಿದೆ." ಮೃತ್ಯುಂಜಯನವರು ಮಹದೇವಸ್ವಾಮಿಯವರ ಕಡೆ ತಿರುಗಿದರು. "ಸಾರ್, ನೀವು ಇಲ್ಲಿರೋದು ದೈವಕೃಪೆ. ಈಗಲೇ ಒಂದು ಮಹಜರು ಬರೀರಿ. ನಾಳೆ ಯಾರಾದ್ರೂ ಬಂದು ಕಲ್ಲು ಬೇರೆ ಕಡೆಯಿಂದ ತಂದಿಟ್ಟಿದ್ದು ಅಂದ್ರೆ? ಕಲ್ಲು ಇದ್ದ ಜಾಗದಲ್ಲೇ ಇದೆ, ಒಂದಂಗುಲವೂ ಕದಲಿಲ್ಲ, ಅಂತ ಎಲ್ಲರ ಎದುರು ಬರೀಬೇಕು."

"ಇದು ನಮ್ಮ ಕೆಲಸ ಅಲ್ಲ ಸಾರ್."

"ಇತಿಹಾಸದ ಪ್ರಶ್ನೆ ಸಾರ್!"

ಬಂದದ್ದಕ್ಕೆ ಒಂದು ಕಾಗದವಾದರೂ ಆಗಲಿ ಎಂದುಕೊಂಡ ಮಹದೇವಸ್ವಾಮಿ ಒಗೆಯುವ ಕಲ್ಲಿನ ಮೇಲೆ ಕೂತು ಬರೆದರು. ಟೇಪು ಹಿಡಿದು ಅಳೆದುಕೊಟ್ಟವರು ಸ್ವತಃ ಮೃತ್ಯುಂಜಯ: ಕಾಂಪೌಂಡ್ ಗೋಡೆಯಿಂದ ಐದೂಕಾಲು ಅಡಿ ಒಳಕ್ಕೆ. ಕೃಷ್ಣಪ್ಪ ಗೋಡೆಯ ಮೇಲಿಂದಲೇ ಸಾಕ್ಷಿ ರುಜು ಹಾಕಿದರು, ಯೋಗೇಂದ್ರ ಹಾಕಿದ, ಬೆಟ್ಟಮ್ಮ ಹೆಬ್ಬೆಟ್ಟು ಒತ್ತಿದಳು. ಎಲ್ಲಕ್ಕಿಂತ ಕೆಳಗೆ ಮೃತ್ಯುಂಜಯನವರು ತಮ್ಮ ಪೂರ್ತಿ ಹೆಸರನ್ನು ಕೊಂಬು ದೀರ್ಘ ಸಮೇತ ಬರೆದರು. ಮಹಜರನ್ನೂ ಕಲ್ಲನ್ನೂ ಫೋಟೋ ತೆಗೆದು ಗುಂಪಿಗೆ ಹಾಕಿದರು.

ಕಾಲು ಗಂಟೆಯಲ್ಲಿ ಕರಿಬಸವಯ್ಯನವರು ಊರುಗೋಲು ಊರಿಕೊಂಡು ಬಂದರು. ಮೂರನೇ ಅಡ್ಡರಸ್ತೆಯ ಹಿರಿಯರು, ಬಡಾವಣೆಯಲ್ಲಿ ಎಲ್ಲರೂ ಎದ್ದು ನಿಲ್ಲುವ ಮನುಷ್ಯ.

"ಬನ್ನಿ ಬನ್ನಿ, ತಾತ," ಎಂದು ಮೃತ್ಯುಂಜಯನವರು ಅವರ ಕೈ ಹಿಡಿದು ಗುಂಡಿಯ ಅಂಚಿಗೆ ಕರೆತಂದರು. "ಸಾವಿರದ ಏಳುನೂರು ವರ್ಷದ್ದು!"

ಕರಿಬಸವಯ್ಯನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ನಂಗಿನ್ನೂ ಎಂಬತ್ತೊಂದು ಕಣಯ್ಯ," ಎಂದರು.

"ಅಲ್ಲ ತಾತ, ನಿಮ್ಮ ವಯಸ್ಸಲ್ಲ, ಕಲ್ಲಿಂದು."

"ಕಲ್ಲಿಂದೇ ಹೇಳ್ತಿರೋದು. ಇದನ್ನ ನಿಲ್ಲಿಸಿದೋನು ನಾನು. ಎಂಬತ್ತಾರನೇ ಇಸವಿ, ಸರ್ವೆ ಕೆಲಸದಲ್ಲಿದ್ದೆ. ಗೃಹ ನಿರ್ಮಾಣ ಸಂಘ. ಗೃ, ನಿ, ಸಂ. ಇನ್ನೂರ ಹದಿನಾಲ್ಕನೇ ಸೈಟು. ಆ ಕಡೆ ಮುಖಾನೂ ತೊಳೀರಿ, ಇನ್ನೂರ ಹದಿನೈದು ಅಂತ ಇರುತ್ತೆ."

ಯೋಗೇಂದ್ರ ಒಂದು ಚೊಂಬು ನೀರು ಹಾಕಿದ. ೨೧೫ ಎಂದಿತ್ತು.

ಮೃತ್ಯುಂಜಯನವರ ಮನೆ ಸಂಖ್ಯೆ ಇನ್ನೂರ ಹದಿನಾಲ್ಕು. ಕೃಷ್ಣಪ್ಪನವರದು ಇನ್ನೂರ ಹದಿನೈದು. ಗೋಡೆಯ ಮೇಲಿನ ಮಫ್ಲರ್ ತಲೆ ಮಾಯವಾಗಿ, ಕೃಷ್ಣಪ್ಪನವರು ಪೂರ್ತಿ ಮನುಷ್ಯರಾಗಿ ಈ ಕಡೆ ಇಳಿದರು.

"ಅಂದ್ರೆ ತಾತ," ಎಂದರು. ಅವರ ದನಿ ಇಷ್ಟು ಮೆತ್ತಗಾದದ್ದನ್ನು ಯಾರೂ ಕೇಳಿರಲಿಲ್ಲ. "ನಮ್ಮ ಎರಡು ಸೈಟಿನ ಗಡಿ ಈ ಕಲ್ಲಾ? ಆ ಗೋಡೆ ಅಲ್ವಾ?"

"ಗೋಡೆ ಆಮೇಲೆ ಯಾರೋ ಕಟ್ಕೊಂಡಿದ್ದು. ಗಡಿ ಇದು."

"ಕಲ್ಲು ಜರುಗಿರ್ಬೋದು ತಾತ!" ಎಂದರು ಮೃತ್ಯುಂಜಯ. "ಮಣ್ಣು, ಮಳೆ... ಒಂದೈದಡಿ ಆ ಕಡೆ ಈ ಕಡೆ..."

ಮಹದೇವಸ್ವಾಮಿ ಕಾಗದ ಬಿಡಿಸಿ ಬೇಸರದ ದನಿಯಲ್ಲೇ ಓದಿದರು. "'ಸದರಿ ಕಲ್ಲು ಇದ್ದ ಜಾಗದಲ್ಲೇ ಇದ್ದು, ಒಂದಂಗುಲವೂ ಕದಲಿರುವುದಿಲ್ಲವೆಂದು ಮನೆಯ ಮಾಲೀಕರೇ ಖುದ್ದಾಗಿ ತಿಳಿಸಿರುತ್ತಾರೆ.' ನೀವೇ ಬರೆಸಿದ್ದು ಸಾರ್."

"ಅದನ್ನ ಹರಿದ್ಹಾಕಿ ಸಾರ್!"

"ಮಹಜರು ಸಾರ್ ಇದು, ಬಸ್ ಟಿಕೆಟ್ಟಲ್ಲ. ಅಲ್ದೆ ನೀವಾಗ್ಲೇ ನೂರಾ ಹನ್ನೆರಡು ಜನಕ್ಕೆ ಕಳಿಸಿದ್ದೀರಿ."

ಆ ಗಡಿಕಲ್ಲಿನಿಂದ ಆಚೆ ಗೋಡೆಯವರೆಗಿನ ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು, ಬಟ್ಟೆ ಹರವುವ ತಂತಿಯಿತ್ತು, ಕರಿಬೇವಿನ ಗಿಡವಿತ್ತು. ಮೃತ್ಯುಂಜಯನವರು ಹೋದ ವರ್ಷ ಟೈಲ್ಸ್ ಹಾಕಿಸಿ, ಗೀಸರ್ ಇಡಿಸಿ, ನೆಂಟರಿಗೆಲ್ಲ ತೋರಿಸಿದ್ದ ಬಚ್ಚಲುಮನೆಯಿತ್ತು. ಕೃಷ್ಣಪ್ಪನವರು ಅದರ ಬಾಗಿಲನ್ನು ಮೆಲ್ಲಗೆ ತಳ್ಳಿ, ಒಳಗೆ ಇಣುಕಿ, ದೀಪ ಹಾಕಿ ಆರಿಸಿ ನೋಡಿದರು. "ಟೈಲ್ಸ್ ಬಣ್ಣ ಪರ್ವಾಗಿಲ್ಲ," ಎಂದರು.

ಹಿತ್ತಿಲ ಬಾಗಿಲಲ್ಲಿ ದೋಸೆ ಸಟ್ಟುಗ ಹಿಡಿದು ನಿಂತಿದ್ದ ಶಾಂತಾದೇವಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಅದು ಬೈಗುಳಕ್ಕಿಂತ ಭಯಂಕರವಾಗಿತ್ತು.

ಜನ ಹೋದರು, ಜೀಪು ಹೋಯಿತು, ಕರಿಬಸವಯ್ಯನವರೂ "ಬೇರು ಚೆನ್ನಾಗಿ ಹಿಡ್ಕೊಂಡಿತ್ತು ಕಲ್ಲನ್ನ," ಎಂದು ಮೆಚ್ಚಿಕೊಳ್ಳುತ್ತ ಹೊರಟರು. ಮೃತ್ಯುಂಜಯನವರು ತಲೆಯಿಂದ ಕಾಲಿನವರೆಗೆ ಕೆಸರಾಗಿ ಗುಂಡಿಯ ಪಕ್ಕ ಒಂದಷ್ಟು ಹೊತ್ತು ನಿಂತಿದ್ದರು. ಆಮೇಲೆ, ಈ ಅವತಾರದಲ್ಲಿ ಒಳಗಂತೂ ಸೇರಿಸುವುದಿಲ್ಲವೆಂದು ಅರಿತು, ಬಚ್ಚಲುಮನೆಯ ಕಡೆ ಕಾಲೆಳೆದರು. ಬಾಗಿಲಲ್ಲಿ ಒಂದು ಕಾಲು ಒಳಗಿಟ್ಟಿದ್ದರು ಅಷ್ಟೇ, ಹಿಂದಿನಿಂದ ಕೆಮ್ಮು ಕೇಳಿಸಿತು.

ಕೃಷ್ಣಪ್ಪನವರು ಒಗೆಯುವ ಕಲ್ಲಿನ ಮೇಲೆ ಆರಾಮವಾಗಿ ಕೂತಿದ್ದರು.

"ಹೋಗಿ ಸ್ವಾಮಿ, ಹೋಗಿ ತೊಳ್ಕೊಳಿ. ನಾವೇನು ಬೇಡ ಅಂತೀವಾ? ಒಂದು ಮಾತು ಕೇಳಿ ಹೋಗಿದ್ರೆ ಚೆನ್ನಾಗಿತ್ತು ಅಂತ ಅಷ್ಟೇ."

ಮೃತ್ಯುಂಜಯನವರು ಒಳಗಿಟ್ಟ ಕಾಲನ್ನು ಹಾಗೇ ಎತ್ತಿ ಹಿಡಿದು, ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು, ಮೆತ್ತಗೆ ಕೇಳಿದರು.

"ಬಕೆಟ್ ತಗೋಬಹುದಾ ಕೃಷ್ಣಪ್ಪನೋರೇ?"

"ಅಯ್ಯೋ, ಅದಕ್ಕೆ ನನ್ನನ್ನ ಕೇಳ್ತೀರಾ? ಬಕೆಟ್ ನಿಮ್ಮದೇ ಸ್ವಾಮಿ," ಎಂದರು ಕೃಷ್ಣಪ್ಪ. "ಇಟ್ಟಿರೋ ಜಾಗ ನಮ್ದು, ಅಷ್ಟೇ."